ಪಾಪ ರೀ, ಒಳಗ ಬರ್ರಿ

ಕಂಪ್ಲಿ
೯ ಫೆಬ್ರವರಿ ೨೦೨೫

ಪ್ರೀತಿಯ ತ್ರಿವೇಣಿಗೆ,

ಕ್ಷೇಮ ಸಮಾಚಾರವೆಲ್ಲ ಮೊನ್ನೆ ನಿಮ್ಮ ಮನೆಯಲ್ಲೇ ಮುಗಿದಿದೆ, ಆದ್ದರಿಂದ ನೇರ ಜಗಳಕ್ಕೆ ಬರುತ್ತೇನೆ. ಇದು ಕಂಪ್ಲಿಯಿಂದ ಬಂದ ಕಂಪ್ಲೇಂಟು.

ಫೋನಿರುವಾಗ ಕಾಗದವೇಕೆ ಎನ್ನುತ್ತೀ. ನಾನು ಇಲ್ಲಿ ಪಿಸುಗುಟ್ಟಿದರೂ ಅಲ್ಲಿ ನಿನ್ನ ಮಗಳು ಮಂಚದ ಮೇಲಿಂದ "ಮಾವ ಏನಂತಾನವ್ವಾ?" ಎಂದು ಕೇಳುತ್ತಾಳೆ. ನಿನ್ನ ಅತ್ತೆಯ ಕಿವಿ ಅದಕ್ಕಿಂತ ಒಂದು ಕೈ ಮೇಲು. ಕಾಗದಕ್ಕೆ ಸಪ್ಪಳವಿಲ್ಲ.

ಎರಡು ದಿನ ನಿಮ್ಮ ಪಡಸಾಲೆಯಲ್ಲಿ ಕುಳಿತು ನೋಡಿದೆ. ಪಂಪಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಆರು ವರ್ಷದ ಆ ಹುಡುಗಿಗೆ ಕೈ ಇದೆ, ಕಾಲಿದೆ ಎಂಬುದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅತ್ತೆ ಮರುಳಸಿದ್ದಮ್ಮನವರ ಬಳೆಯ ಸದ್ದಾದರೆ ಸಾಕು, ಗೂಡಿನ ಮರಿಯಂತೆ ಬಾಯಿ ತೆರೆಯುತ್ತಾಳೆ. ಮಾತಿಲ್ಲದೆ ಎತ್ತುತ್ತಾರೆ, ಮಾತಿಲ್ಲದೆ ಇಳಿಸುತ್ತಾರೆ. ನಾನು ಸಿಪ್ಪೆಯ ಸಮೇತ ಬಾಳೆಹಣ್ಣು ಕೈಗಿಟ್ಟರೆ "ಇದೇನು ಮಾವ?" ಎಂದಳು. ಅವಳ ಪಾಲಿಗೆ ಬಾಳೆಹಣ್ಣು ಎಂದರೆ ಬಾಯಿಗೆ ತಾನಾಗಿ ಬರುವ ಮೆತ್ತನೆಯ ತುಂಡು. ನೋಡಿ ನನಗೆ ಮರುಕ ಬರಲಿಲ್ಲ, ಹೇಸಿಗೆ ಬಂತು.

ಅವಳ ಕೈ ಹಿಡಿದಿದ್ದೇವೆ ಎಂದು ನಿನ್ನ ಗಂಡ ಹೆಮ್ಮೆಯಿಂದ ಹೇಳಿದ. ಕೈಯೇ ಕಣ್ಣಾಗಿರುವವಳ ಕೈ ಹಿಡಿಯುವುದೆಂದರೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಮರಿಸ್ವಾಮಿ ಅದಿರಿನ ಲಾರಿ ತೂಗುವವ, ಮಾತನ್ನೂ ತೂಗಿ ಆಡುವವ. ಇದೊಂದನ್ನು ಅವನ ತಕ್ಕಡಿಗೆ ಹಾಕು.

ಇನ್ನು ಬಂದವರ ಕಥೆ. ಪಾಲಿಸಿಯವನು, ಪಕ್ಕದವರು, ಗ್ಯಾಸಿನವನು, ಯಾರೇ ಬಂದರೂ ಹೊಸ್ತಿಲಲ್ಲಿ ನಿಂತು ಮಂಚ ನೋಡಿ "ಅಯ್ಯೋ, ಪಾಪ" ಎನ್ನುತ್ತಾರೆ. ನಿಮ್ಮ ಹಾಲಿನವನಂತೂ ಹಾಲಿಗೆ ಹಾಕಿದ್ದಕ್ಕಿಂತ ಹೆಚ್ಚು ನೀರನ್ನು ಕಣ್ಣಿಗೆ ತಂದುಕೊಂಡ. ಅನುಕಂಪದಲ್ಲಿ ಕಂಪು ಇದೆಯೆಂದು ಯಾರು ಅಂದುಕೊಂಡರೋ, ನನ್ನ ಮೂಗಿಗೆ ನಾರುತ್ತದೆ. ಹಂಪಿಯ ಹೊಳೆಯ ಹೆಸರೆಂದು ಪಂಪಾ ಎಂದು ಹೆಸರಿಟ್ಟವನು ನಾನು. ನಿಮ್ಮೂರವರು ಅದರ ಸೊನ್ನೆಯನ್ನು ಕಿತ್ತುಕೊಂಡು ಪಾಪ ಮಾಡಿದ್ದಾರೆ.

ತಿಂದು ನೋಡು, ಮೂಸಿ ನೋಡು, ಮುಟ್ಟಿ ನೋಡು, ಹಾಡಿ ನೋಡು, ಕೇಳಿ ನೋಡು. ನಮ್ಮ ಭಾಷೆಯಲ್ಲಿ ನೋಡುವುದಕ್ಕೆ ಕಣ್ಣಿನ ಹಂಗಿಲ್ಲ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಬರೀ ನೋಡುವುದು ಇಷ್ಟರಲ್ಲಿ ಒಂದು. ಆ ಒಂದು ಇಲ್ಲವೆಂದು ಉಳಿದ ಎಲ್ಲವನ್ನೂ ನೀವು ಕಸಿದುಕೊಂಡಿದ್ದೀರಿ. ಅವಳನ್ನು ಮಂಚದಿಂದ ಇಳಿಸು. ಅಡುಗೆಮನೆಯ ನೆಲದ ಮೇಲೆ ಕೂರಿಸು.

ಪ್ಲಾಸ್ಟಿಕ್ ಆಟದ ಪ್ರಾಣಿಗಳ ಪಾರ್ಸೆಲ್ ಕಳಿಸುತ್ತಿದ್ದೇನೆ. ಆನೆಯಿಂದ ಇಲಿಯವರೆಗೆ ಎಲ್ಲ ಇವೆ.

ನಿನ್ನ ಅಣ್ಣ,
ಶಂಭುಲಿಂಗ


ಸಂಡೂರು
೨೦ ಫೆಬ್ರವರಿ ೨೦೨೫

ಅಣ್ಣಾ,

ನಿನ್ನ ಆನೆ ಬಂತು. ಪಂಪಾ ಅದನ್ನು ಅಂಗೈಯಲ್ಲಿಟ್ಟು ಮೂಸಿ, "ಆನಿ ಬಕೀಟಿನ ವಾಸನಿ ಬರತೈತೇನವ್ವಾ?" ಎಂದಳು. ಆನೆ, ಹಾವು, ಇಲಿ ಮೂರೂ ಒಂದೇ ಗಾತ್ರ. ಈಗ ಆನೆಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾಳೆ. ಹೇಗೂ ಕಳಿಸಿದ್ದೀಯ, ಒಬ್ಬ ಮಾವುತನನ್ನೂ ಕಳಿಸಿಬಿಡು.

ನೀನು ಸಂಡೆ ಸಂಡೂರಿನವನು. ಬಸ್ಸಿನಲ್ಲಿ ಬರುತ್ತೀ, ಊಟ ಮಾಡುತ್ತೀ, ತಪ್ಪು ಹುಡುಕುತ್ತೀ, ಬಸ್ಸಿನಲ್ಲೇ ಹೋಗುತ್ತೀ. ಸೋಮವಾರ ಇಲ್ಲಿರುವವಳು ನಾನು. ಅತ್ತೆಯನ್ನು ರಕ್ಕಸಿ ಮಾಡಬೇಡ. ಎರಡು ವರ್ಷದವಳಿದ್ದಾಗ ಪಂಪಾ ಬಿಸಿ ಹಂಚಿನ ಮೇಲೆ ಕೈಯಿಟ್ಟಳು. ಅಂದಿನಿಂದ ಅತ್ತೆಗೆ ಮನೆಯ ನೆಲವೆಲ್ಲ ಹಂಚು. ಮಗುವನ್ನು ಕೆಳಗೆ ಬಿಟ್ಟರೆ ಹಿಂದೆಯೇ ಓಡಿ ಬಂದು ಎತ್ತಿಕೊಳ್ಳುತ್ತಾರೆ, ನಾನು ಕಂಡಿದ್ದೇನೆ.

ಆದರೂ ನಿನ್ನ ಮಾತು ಹೊಟ್ಟೆಯಲ್ಲಿ ಕುಂತಿದೆ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಪಂಪಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿಸಿದೆ. ಕೈ ತೆಗೆಯಲೇ ಒಲ್ಲೆ ಎಂದಳು. ಅತ್ತೆ ಎದ್ದಾಗ ಮಂಚದ ಮೇಲೆ, ಮುಖ ತೊಳೆದು, ಏನೂ ಆಗಿಲ್ಲದವಳಂತೆ ಕುಳಿತಿರುತ್ತಾಳೆ. ಕಳ್ಳತನ ಕಲಿಸಿದ್ದೇನೆ ನೋಡು.

ಇನ್ನೊಂದು ವಿಷಯ, ನಗಬೇಡ. ನಿನ್ನೆ ಎದುರು ಮನೆಯ ನಿಂಗಕ್ಕ ಬಂದು ಹೊಸ್ತಿಲಲ್ಲೇ "ಪಾಪ" ಎಂದಳು. ಪಂಪಾ ಮಂಚದ ಮೇಲಿಂದ ಕೈಮುಗಿದು "ಪಾಪ ರೀ, ಒಳಗ ಬರ್ರಿ" ಎಂದಳು. ಬಂದವರೆಲ್ಲ ಮೊದಲು ಅದನ್ನೇ ಅನ್ನುತ್ತಾರಲ್ಲ, ನಮಸ್ಕಾರದ ಹಾಗೆ ಅದೂ ಒಂದು ಎಂದುಕೊಂಡಿದ್ದಾಳೆ. ದೊಡ್ಡವರಿಗೆ 'ರೀ' ಹಚ್ಚಬೇಕೆಂಬ ಮರ್ಯಾದೆಯನ್ನು ತಾನೇ ಸೇರಿಸಿದ್ದಾಳೆ. ನಿಂಗಕ್ಕ ಸಕ್ಕರೆ ಕೇಳಲು ಬಂದವಳು ಸಕ್ಕರೆ ಕೇಳದೆ ಹೋದಳು.

ತಿದ್ದಬೇಕೋ ಬೇಡವೋ ತಿಳಿಯುತ್ತಿಲ್ಲ. ತಿದ್ದಿದರೆ ಅರ್ಥ ಹೇಳಬೇಕಾಗುತ್ತದೆ.

ತ್ರಿವೇಣಿ


ಕಂಪ್ಲಿ
೨ ಮಾರ್ಚ್ ೨೦೨೫

ತ್ರಿವೇಣಿ,

ನೀನು ನಗಬೇಡ ಎಂದು ಬರೆದೆ, ನಾನು ನಕ್ಕೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಅವರೂ ನಕ್ಕರು. ತಿದ್ದಬೇಡ, ದಯವಿಟ್ಟು ತಿದ್ದಬೇಡ. 'ಪಾಪ ರೀ' ಎಂಬುದು ಈ ವರ್ಷ ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಒಂದೇ ಒಂದು ಒಳ್ಳೆಯ ಹೊಸ ಪದ. ಬಂದವರ ಕನಿಕರವನ್ನು ಬಡ್ಡಿಯಿಲ್ಲದೆ ಹೊಸ್ತಿಲಲ್ಲೇ ವಾಪಸು ಕೊಡುವ ಹುಡುಗಿ ನನ್ನ ಸೊಸೆ.

ಆನೆಯ ವಿಷಯದಲ್ಲಿ ನಾನು ದಡ್ಡ, ಒಪ್ಪಿದೆ. ಹೊಸಪೇಟೆಗೆ ಕಾಲೇಜಿನ ಕೆಲಸಕ್ಕೆ ಹೋದಾಗ ಇಂಥ ಮಕ್ಕಳ ಮನೆಮನೆಗೆ ಹೋಗಿ ಕಲಿಸುವ ರಮಾ ಎಂಬ ಶಿಕ್ಷಕಿಯನ್ನು ಹುಡುಕಿ ಮಾತಾಡಿಸಿದೆ. ಅವರಿಗೂ ಆನೆಯ ಕಥೆ ಹೇಳಿದೆ. "ಸಾರ್, ಮನಿಯಾಗಿರೋ ಚಮಚಾ ಬಿಟ್ಟು ಕಾಡಿನಾಗಿರೋ ಆನಿಗೆ ಯಾಕ ಹೋದ್ರಿ?" ಎಂದರು.

ಅವರು ಹೇಳಿದ್ದು ಇಷ್ಟು. ಮಗುವಿನ ಕೈಯ ಮೇಲೆ ನಿನ್ನ ಕೈಯಿಟ್ಟು ಒತ್ತಿ ಮಾಡಿಸಬೇಡ. ನಿನ್ನ ಕೈ ಕೆಳಗಿರಲಿ, ಅವಳ ಕೈ ಮೇಲಿರಲಿ. ನೀನು ರೊಟ್ಟಿ ಬಡಿಯುವಾಗ ನಿನ್ನ ಕೈ ಏನು ಮಾಡುತ್ತದೆಂದು ಅವಳ ಕೈ ತಿಳಿದುಕೊಳ್ಳಲಿ, ಸಾಕಾದಾಗ ಅವಳೇ ತೆಗೆಯಲಿ. ಮುಟ್ಟುವ ಮೊದಲು ಮಾತಾಡಿಸು. ಏನೇ ಕೊಟ್ಟರೂ ಇಡಿಯಾಗಿ ಕೊಡು, ಅವಳೇ ಮುರಿಯಲಿ. ನಾನು "ವಾಹ್" ಎಂದೆ. "ವಾಹ್ ಅನ್ನೋರು ಭಾಳ ಮಂದಿ ಅದಾರ ರೀ" ಎಂದು ಎದ್ದು ಹೋದರು. ನನ್ನ ಒಂದು ಶ್ಲೇಷೆಗೂ ನಗಲಿಲ್ಲ ಆ ಹೆಣ್ಣುಮಗಳು.

ನಿಮ್ಮ ಓಣಿಯ ಶಾಲೆಗೇ ಜೂನ್‌ನಲ್ಲಿ ಒಂದನೆಯ ಕ್ಲಾಸಿಗೆ ಹಾಕಬಹುದಂತೆ. ಎಲ್ಲ ಮಕ್ಕಳ ಜೊತೆಗೆ ಕೂರಲಿ, ಬೆರಳಿನಿಂದ ಓದುವ ಚುಕ್ಕಿ ಅಕ್ಷರ ಕಲಿಸಲು ರಮಾ ಅವರ ಕಡೆಯವರು ಸಂಡೂರಿಗೂ ಬರುತ್ತಾರಂತೆ. ಮರಿಸ್ವಾಮಿಯನ್ನು ಕೇಳು. ತೂಗಿ ಹೇಳಲಿ, ಆದರೆ ಜಲ್ದಿ ಹೇಳಲಿ.

ಶಂಭು


ಸಂಡೂರು
೧೦ ಏಪ್ರಿಲ್ ೨೦೨೫

ಅಣ್ಣಾ,

ಉತ್ತರ ತಡವಾಯಿತು. ಪುರುಸೊತ್ತಿರಲಿಲ್ಲ.

ಪಂಪಾ ಈಗ ರೊಟ್ಟಿ ಬಡಿಯುತ್ತಾಳೆ. ಅಂಚು ಹರಿಯುತ್ತದೆ, ನಡುವೆ ದಪ್ಪ. ಬೆಂದ ಮೇಲೆ ಯಾರು ಮಾಡಿದ್ದೆಂದು ಹೇಳದೆ ಅತ್ತೆಗೆ ಬಡಿಸಿದೆ, ತಿಂದರು. ಇವರಿಗೆ ಶಾಲೆಯ ವಿಷಯ ಹೇಳಿದೆ. "ವೀರೇಶನ ಮದುವಿ ಮುಗೀಲಿ, ನೋಡಣ" ಎಂದರು. ನನ್ನ ಮೈದುನ ವೀರೇಶನಿಗೆ ಕುರೆಕುಪ್ಪದ ಕಡೆಯ ಸಂಬಂಧ ಬಂದಿದೆ. ಹುಡುಗಿಯ ಹೆಸರು ಸುಮಲತಾ, ಕಾರ್ಖಾನೆಯ ಆಫೀಸಿನಲ್ಲಿ ಕೆಲಸ.

ಒಂದು ಕೇಳಬೇಕಿತ್ತು. ಬೇಸಿಗೆ ರಜೆಯಲ್ಲಿ ಪಂಪಾಳನ್ನು ನಿನ್ನಲ್ಲಿ ಮೂರು ವಾರ ಇಟ್ಟುಕೊಳ್ಳುತ್ತೀಯಾ? ಇವರೇ ಹೇಳಿದರು, ಅತ್ತೆಯೂ ಒಪ್ಪಿದರು. ಅಲ್ಲಿ ಅಡುಗೆಯ ತಾಯಕ್ಕನೂ ಇದ್ದಾಳೆ, ಹೊಳೆಯ ಗಾಳಿಯಿದೆ. ಇಲ್ಲಿ ಮನೆಗೆ ಸುಣ್ಣ ಬಣ್ಣ ನಡೆದಿದೆ. ಮೇ ಐದರ ನಂತರ ಕರೆತಂದರೆ ಸಾಕು. ಅದಕ್ಕೆ ಮೊದಲು ಬೇಡ.

ತ್ರಿವೇಣಿ


ಕಂಪ್ಲಿ
೨೦ ಏಪ್ರಿಲ್ ೨೦೨೫

ತ್ರಿವೇಣಿ,

ನಿನ್ನ ಅತ್ತೆ ಒಪ್ಪಿದರೆಂದು ಓದಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ, ನಿನ್ನದೇ ಅಕ್ಷರ. ನನ್ನ ಎರಡು ಕಾಗದಕ್ಕೆ ಒಂದು ಕೋಟೆ ಬಿತ್ತು. ಹಂಪಿಯ ಕೋಟೆ ಬೀಳಿಸಲು ಎಷ್ಟು ದಂಡು ಬೇಕಾಯಿತು ಯೋಚಿಸು.

ನಾನು ಬಂದು ಕರೆತಂದ ದಿನದಿಂದ ಪಂಪಾ ಇಲ್ಲಿ ಮನೆಗೆಲ್ಲ ಯಜಮಾನಿ. ಅಡುಗೆಗೆ ಬರುವ ತಾಯಕ್ಕ, ನಮ್ಮ ಚಿಕ್ಕಪ್ಪನ ಕಾಲದವಳು, ಅವಳನ್ನು ಎತ್ತುವುದಿಲ್ಲ. ಎತ್ತಲು ಸೊಂಟವಿಲ್ಲ, ಅದೇ ದೊಡ್ಡ ಉಪಕಾರವಾಯಿತು. ಮಗು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತದೆ, ಬೆಳ್ಳುಳ್ಳಿ ಸುಲಿಯುತ್ತದೆ, ತಾಯಕ್ಕನನ್ನು ಬೈಯುವುದನ್ನೂ ತಾಯಕ್ಕನಿಂದಲೇ ಕಲಿತಿದೆ. ಅಕ್ಕಿ ಗಿರಣಿಗೆ ಕರೆದೊಯ್ದು ಭತ್ತದ ರಾಶಿಯಲ್ಲಿ ಕೂರಿಸಿದೆ. ಒಂದು ಕೈಯಲ್ಲಿ ಭತ್ತ, ಇನ್ನೊಂದರಲ್ಲಿ ಅಕ್ಕಿ ಹಿಡಿದು, "ಇದು ಅಂಗಿ ಹಾಕ್ಕೊಂಡೈತಿ, ಇದು ಬಿಚ್ಚೈತಿ" ಎಂದಳು.

ನಿನ್ನೆ ಹಂಪಿಗೆ ಹೋದೆವು. ಸಾಸಿವೆಕಾಳು ಗಣಪನೆಂದು ಹೇಳಿದ್ದೇ ತಪ್ಪಾಯಿತು. ದಾರಿಯುದ್ದಕ್ಕೂ ಬೆರಳ ತುದಿ ಉಜ್ಜುತ್ತಾ, "ಕಳದು ಹೋದ್ರ ಹೆಂಗ ಮಾವ?" ಎನ್ನುತ್ತಿದ್ದಳು. ಅಲ್ಲಿ ಕಾವಲಿನವನು, "ಮುಟ್ಟಬ್ಯಾಡ್ರಿ, ನೋಡ್ರಿ ಅಷ್ಟ" ಎಂದ. ಮುಟ್ಟಿಯೇ ನೋಡುವವಳು ಎಂದೆ. ಅವಳ ಮುಖ ನೋಡಿದವನೇ, "ಅಯ್ಯೋ, ಪಾಪ, ಮುಟ್ಲಿ ಬಿಡ್ರಿ" ಎಂದ. ಪಂಪಾ ಕೈಮುಗಿದು "ಪಾಪ ರೀ" ಎಂದಳು. ನನಗೆ ಮೈಯೆಲ್ಲ ಉರಿಯಿತು. ನಿಯಮ ಸಡಿಲವಾದದ್ದೂ ಆ ಹಾಳು ಪದದಿಂದಲೇ. ಬೇಡ ಎಂದು ಅವಳನ್ನು ವಾಪಸು ಕರೆತರುವಷ್ಟು ದೊಡ್ಡವನಲ್ಲ ನಾನು. ಅವಳು ಗಣಪನ ಕಾಲ್ಬೆರಳು ಹಿಡಿದು, ಅದೊಂದೇ ತನ್ನ ಅಂಗೈ ತುಂಬಿತೆಂದು ತಿಳಿದು, ಉಳಿದ ಬೆರಳುಗಳನ್ನೂ ಒಂದೊಂದಾಗಿ ಹಿಡಿದು ನೋಡಿದಳು. ಮನೆಗೆ ಬಂದವಳೇ ತಾಯಕ್ಕನ ಒಗ್ಗರಣೆ ಡಬ್ಬಿಯಿಂದ ಸಾಸಿವೆ ಕೇಳಿ ಮುಟ್ಟಿ, "ಹೆಸರಿಟ್ಟೋರಿಗೆ ಕಣ್ಣು ಕಾಣ್ತಿದ್ದಿಲ್ಲೇನು?" ಎಂದಳು.

ಸಂಜೆ ಓಣಿಯವರನ್ನೆಲ್ಲ ಕಟ್ಟೆಗೆ ಕರೆದು ಸಣ್ಣ ಕಾರ್ಯಕ್ರಮವನ್ನೇ ಮಾಡಿದೆ. ಚಪ್ಪಲಿ ಸದ್ದಿನಿಂದ ಯಾರು ಬಂದರೆಂದು ಹೇಳಿಸಿದೆ, ಹಾಡಿಸಿದೆ, ನೋಟು ಮುಟ್ಟಿಸಿ ಎಷ್ಟರದೆಂದು ಕೇಳಿದೆ. ಏನು ಚಪ್ಪಾಳೆ ಅಂತೀ.

ವಿಜಯಿಯಾದ ಅಣ್ಣ,
ಶಂಭು


ಸಂಡೂರು
೨೪ ಏಪ್ರಿಲ್ ೨೦೨೫

ಅಣ್ಣಾ,

ನಮ್ಮತ್ತೆ ಅವಳನ್ನು ಮುಚ್ಚಿಡುತ್ತಾರೆ, ನೀನು ಮೆರೆಸುತ್ತೀಯ. ಎರಡರಲ್ಲೂ ಅವಳು ಸಾಮಾನೇ. ಓಣಿಯ ಬೇರೆ ಮಕ್ಕಳಿಂದಲೂ ನೋಟು ಮುಟ್ಟಿಸಿ ಚಪ್ಪಾಳೆ ಹೊಡೆಸಿದೆಯಾ? ಕಟ್ಟೆಯ ಮೇಲೆ ಅವಳ ಜೊತೆ ಯಾವುದಾದರೂ ಮಗು ಆಡಿತೇ? ಅದನ್ನು ಬರೆ.

ಸಾಸಿವೆಯ ಮಾತು ಓದಿ ನಕ್ಕೆ. ಭಾಳ ದಿನ ಆಗಿತ್ತು. ಅವಳು ಇಲ್ಲದ ಮನೆಯಲ್ಲಿ ಸಪ್ಪಳವೇ ಇಲ್ಲ.

ಮೇ ಐದಕ್ಕೆ ಮೊದಲು ಬೇಡ, ನೆನಪಿರಲಿ.

ತ್ರಿವೇಣಿ


ಕಂಪ್ಲಿ
೨೭ ಏಪ್ರಿಲ್ ೨೦೨೫

ತ್ರಿವೇಣಿ,

ಕಟ್ಟೆಯ ವಿಷಯದಲ್ಲಿ ನಿನ್ನ ಬೈಗುಳ ಮುಟ್ಟಿತು. ಆದರೆ ಈಗ ನನ್ನ ಸರದಿ.

ಇವತ್ತು ಬೆಳಿಗ್ಗೆ ಪಂಪಾ ಬೆಳ್ಳುಳ್ಳಿ ಸುಲಿಯುತ್ತಾ, ಹವಾಮಾನ ಹೇಳುವ ದನಿಯಲ್ಲಿ, "ಮಾವ, ನಾ ಈಗ ಇಲ್ಲ, ಗೊತ್ತೇನು?" ಎಂದಳು.

"ಎಲ್ಲಿಲ್ಲ?"

"ಎಲ್ಲೂ ಇಲ್ಲ. ಕಾಕಾನ ಬೀಗರು ಮನಿ ನೋಡಾಕ ಬರ್ತಾರ. ಅವರು ಬಂದು ಹೋಗೂತನಾ ನಾ ಇಲ್ಲ. ಆ ಮಗು ಇಲ್ಲ ಅಂದ್ರಾತು ಅಂತ ಅಪ್ಪ ಅಜ್ಜಿಗೆ ಹೇಳಿದ."

"ಅವ್ವ ಏನಂದ್ಳು?"

"ಅವ್ವ ಆತು ಅಂದ್ಳು."

ಮೇ ನಾಲ್ಕು, ಭಾನುವಾರ ಬರುತ್ತಾರಂತೆ. ಅದನ್ನೂ ಅವಳೇ ಹೇಳಿದಳು. ಅವಳಿಗೆ ಕೇಳಿಸಬಾರದೆಂದು ನಾವಿಬ್ಬರೂ ಕಾಗದದ ಮೇಲೆ ಕಾಗದ ಬರೆದೆವು. ಕೊನೆಗೆ ಏನೂ ಗೊತ್ತಿಲ್ಲದವನು ನಾನೊಬ್ಬನೇ.

ಮನೆಗೆ ಸುಣ್ಣ ಎಂದು ನೀನು ಬರೆದಿದ್ದೆ, ನನಗೂ ಚೆನ್ನಾಗಿ ಹಚ್ಚಿದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬುದು ಗಾದೆ. ಎರಡೂ ಕಣ್ಣಿಗೆ ಸುಣ್ಣ ಹಚ್ಚಿ, ಆಮೇಲೆ ಆ ಮುಖವನ್ನೇ ಮನೆಯಿಂದ ಅಳಿಸುವವರನ್ನು ಇವತ್ತೇ ನೋಡಿದ್ದು. ಬೇಸಿಗೆ ರಜೆ ಎಂದು ಕುಣಿದೆನಲ್ಲ, ಇದು ಹೇಸಿಗೆ ರಜೆ. ನಿನ್ನ ಗಂಡನ ಹೆಸರು ಬರೆಯಲು ನನಗೆ ಹೇಸಿಗೆ, ನಿನ್ನ ಅತ್ತೆಯ ಹೊಸ ಬಣ್ಣದ ಗೋಡೆ ನೆನೆದರೆ ಹೇಸಿಗೆ. 'ಹೊಳೆಯ ಗಾಳಿಯಿದೆ' ಎಂದು ಬರೆದ ನಿನ್ನ ಆ ಸಾಲನ್ನು ಇನ್ನೊಮ್ಮೆ ಓದಲು ಹೋಗಿ ಮಡಿಸಿಟ್ಟೆ. ಅವರು ಹೇಳಿದ್ದು ಸರಿಯಲ್ಲ, ನೀನು ಆತು ಅಂದದ್ದು ಅದಕ್ಕಿಂತ ಸರಿಯಲ್ಲ.

ಅವಳು ಅಳಲಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ. ಇಲ್ಲದಿರುವುದು ತನ್ನ ಕೆಲಸವೆಂದು ಅಚ್ಚುಕಟ್ಟಾಗಿ ಮಾಡುತ್ತಿದ್ದಾಳೆ.

ಶಂಭುಲಿಂಗ


ಸಂಡೂರು
೩೦ ಏಪ್ರಿಲ್ ೨೦೨೫

ಅಣ್ಣಾ,

ಭಾನುವಾರ ಬೆಳಗಿನ ಬಸ್ಸಿಗೆ ಕರೆದುಕೊಂಡು ಬಾ. ನಾನು ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಯಾರಿಗೂ ಹೇಳಿಲ್ಲ. ನೀನು ಮನೆಗೆ ಬರಬೇಡ. ನೀನಿದ್ದರೆ ಮಾತಾಡುತ್ತೀ, ಆಮೇಲೆ ಎಲ್ಲ ನೀನೇ ಹೇಳಿಕೊಟ್ಟದ್ದು ಎನ್ನುತ್ತಾರೆ.

ಅವಳಿಗೆ ಹಸಿರು ಲಂಗ ಹಾಕು.

ತ್ರಿವೇಣಿ


ಸಂಡೂರು
೬ ಮೇ ೨೦೨೫

ಅಣ್ಣಾ,

ಬಸ್ ಸ್ಟ್ಯಾಂಡಿನಲ್ಲಿ ನೀನು ಮಾತಾಡದೆ ಅವಳ ಕೈಯನ್ನು ನನ್ನ ಕೈಯ ಮೇಲಿಟ್ಟು ಹೊರಟೆ. ನೀನು ಮಾತಾಡದ್ದನ್ನು ನಾನು ಮೊದಲ ಸಲ ನೋಡಿದ್ದು.

ಮನೆಗೆ ಬಂದಾಗ ಅತ್ತೆ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದರು, ಕೈ ಹಾಗೇ ನಿಂತಿತು. "ಹಿಂದಿನ ಕೋಣ್ಯಾಗ ಕುಂದರ್ಸು" ಎಂದರು ಇವರು. "ಕುಂದರ್ಸಂಗಿಲ್ಲ" ಎಂದೆ. ಮದುವೆಯಾದ ಮೇಲೆ ಇವರಿಗೆ ಎದುರಾಡಿದ್ದು ಇದೇ ಮೊದಲಿರಬೇಕು. ಇವರು ಇನ್ನೇನೋ ಅನ್ನುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಪಂಪಾಳನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಕೂರಿಸಿದೆ.

ಹುಡುಗಿಯ ಅಪ್ಪ ಗಾದಿಲಿಂಗಪ್ಪನವರು, ಅವರ ಮನೆಯವರು, ಜೊತೆಗೆ ಹುಡುಗಿಯೂ ಬಂದಿದ್ದಳು. ನಾಳೆ ಇಲ್ಲಿ ಇರುವವಳು ತಾನು, ಮನೆ ತಾನೇ ನೋಡಬೇಕು ಎಂದಳಂತೆ. ಗಾದಿಲಿಂಗಪ್ಪನವರು ಒಂದು ಚಪ್ಪಲಿ ಬಿಟ್ಟು, ಕುರ್ಚಿ ನೋಡಿ, "ಅಯ್ಯೋ, ಪಾಪ" ಎಂದರು.

"ಪಾಪ ರೀ, ಒಳಗ ಬರ್ರಿ" ಎಂದಳು ಪಂಪಾ.

ಅವರು ಇನ್ನೊಂದು ಚಪ್ಪಲಿ ಬಿಡುವುದನ್ನು ಮರೆತರು. ಹಿಂದೆಯೇ ಅವರ ಹೆಂಡತಿ, "ಪಾಪ, ಎಷ್ಟ್ ಚಂದ ಮಾತಾಡತೈತಿ" ಎಂದರು. "ಪಾಪ ರೀ, ಕುಂದ್ರಿ" ಎಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಗುವೋ ಏನೋ ನನಗೇ ತಿಳಿಯಲಿಲ್ಲ.

ಪಂಪಾ ಕಿವಿ ಬಾಗಿಲಿಗೆ ಕೊಟ್ಟು, "ಅವ್ವಾ, ಮೂರು ಮಂದಿ ಬಂದಾರ. ಬಳಿ ಹಾಕ್ಕೊಂಡೋರು ಒಬ್ರು ಪಾಪ ಅನ್ಲೇ ಇಲ್ಲ" ಎಂದಳು.

ಸುಮಲತಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, "ನಮಸ್ಕಾರ. ನಿನ್ನ ಹೆಸರೇನು?" ಎಂದಳು.

"ಪಂಪಾ. ನೀವು ಹೊಸಬ್ರು, ನಿಮಗ ಗೊತ್ತಿಲ್ಲ. ನಮ್ಮನಿಗೆ ಬಂದೋರು ಮೊದ್ಲು ಪಾಪ ಅನ್ಬೇಕು."

ಎಣ್ಣೆ ಕಾಯುವ ಸದ್ದು ಪಡಸಾಲೆಯವರೆಗೂ ಕೇಳಿತು. ಆಗ ಗಾದಿಲಿಂಗಪ್ಪನವರು, "ಯಾರ ಮಗು ರೀ ಇದು?" ಎಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು, ಲಾರಿಯ ತೂಕ ಹೇಳುವ ಹಾಗೆ, ತಡೆಯಿಲ್ಲದೆ, "ನಮ್ಮಾಕಿ ಅಣ್ಣನ ಮಗಳು ರೀ. ಕಂಪ್ಲಿಯವರು. ರಜಾಕ್ಕ ಬಂದೈತಿ" ಎಂದರು.

ಪಂಪಾ ಮುಖವನ್ನು ಅವರ ದನಿಯ ಕಡೆಗೆ ತಿರುಗಿಸಿದಳು. "ಅಪ್ಪಾ, ಮಾವಗ ಮದ್ವೀನ ಆಗಿಲ್ಲಲ್ಲ. ಆ ಮಾತಿನ ಮಲ್ಲಗ ಯಾರು ಹೆಣ್ಣು ಕೊಡ್ತಾರ ಅಂತ ತಾಯಕ್ಕ ಅಂತಾಳ."

ಸುಮಲತಾ ನಕ್ಕುಬಿಟ್ಟಳು. ಆಮೇಲೆ 'ಅಪ್ಪಾ' ಎಂದದ್ದು ಅವಳಿಗೆ ತಟ್ಟಿರಬೇಕು, ನಗು ಅರ್ಧಕ್ಕೆ ನಿಂತಿತು. ಗಾದಿಲಿಂಗಪ್ಪನವರು ಗೋಡೆಯ ಹೊಸ ಬಣ್ಣ ನೋಡಿದರು. ಚಹಾ ಕುಡಿದರು, ಮಿರ್ಚಿ ಮುಟ್ಟಲಿಲ್ಲ, "ತಿಳಸ್ತೀವಿ" ಎಂದು ಹೊರಟರು.

ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಇವರನ್ನು ಕಂಡು ಬಂದ ವಾಂತಿ ಎಂದುಕೊಂಡೆ. ಮುಖ ತೊಳೆಯುವಾಗ ಏಪ್ರಿಲ್‌ನಲ್ಲಿ ನಾನು 'ಆತು' ಅಂದದ್ದು ನೆನಪಾಗಿ ಇನ್ನೊಮ್ಮೆ ಬಂತು.

ಅತ್ತೆ, "ಹುಡುಗಿ ಮನಿ ಮುರೀತು" ಎಂದು ಕುಳಿತಿದ್ದಾರೆ. ಇವರು ಪಂಪಾಳ ಜೊತೆ ಮಾತಾಡುತ್ತಿಲ್ಲ. ಮಾತಾಡದಿದ್ದರೆ ಅವಳ ಪಾಲಿಗೆ ಇವರು ಮನೆಯಲ್ಲೇ ಇಲ್ಲ. ಅದು ಇವರಿಗೆ ಗೊತ್ತಿದೆಯೋ ಇಲ್ಲವೋ. ಈಗ ಇಲ್ಲದವರು ಇವರು.

ತ್ರಿವೇಣಿ


ಕಂಪ್ಲಿ
೧೨ ಮೇ ೨೦೨೫

ತ್ರಿವೇಣಿ,

ಮದುವೆಯಿಲ್ಲದೆ ಅರ್ಧ ನಿಮಿಷ ಹೆಣ್ಣುಮಗುವಿನ ತಂದೆಯಾದೆ ಎಂದು ಒಂದು ಕಾಗದ ಶುರುಮಾಡಿದ್ದೆ. ಎರಡು ಪುಟ ನಗಿಸುವಂತೆ ಬರೆದು ಹರಿದು ಹಾಕಿದೆ.

'ತಿದ್ದಬೇಡ' ಎಂದವನು ನಾನು. ಸ್ಟಾಫ್ ರೂಮಿನಲ್ಲಿ ಹೇಳಲು ಚೆನ್ನಾಗಿತ್ತು. ಬಂದವರ ಮುಖಕ್ಕೆ ಹೊಡೆಯಲು ಅವಳ ಬಾಯನ್ನು ಬಳಸಿದೆ, ಅವಳಿಗೆ ಅರ್ಥ ಹೇಳದೆ. ಹಾಲಿನವನು ಕಣ್ಣೀರು ಹಾಕಿದ, ನಾನು ಹಾಸ್ಯ ಮಾಡಿದೆ. ಇಬ್ಬರೂ ಮಗುವನ್ನು ಕೇಳಲಿಲ್ಲ.

ನಿಘಂಟು ತೆಗೆದೆ. ಪಾಪ: ಮೊದಲ ಅರ್ಥ ಕೆಟ್ಟ ಕೆಲಸ. ಎರಡನೆಯದು ಮರುಕದ ಮಾತು. ನಮ್ಮ ಜನ ಎರಡನೆಯದನ್ನು ಬಾಯಲ್ಲಿ ಅಂದು ಮೊದಲನೆಯದನ್ನು ಮಾಡುತ್ತಾರೆ. ಇದು ಶ್ಲೇಷೆಯಲ್ಲ, ಮುದ್ರಿತ ಪುಟದಲ್ಲಿರುವುದು.

ಅವಳಿಗೆ ಅರ್ಥ ಹೇಳು. ನಾನು ಹೇಳಿದರೆ ಮಾತು ಚಂದವಾಗುತ್ತದೆ, ನಿಜವಾಗುವುದಿಲ್ಲ.

ಶಂಭು


ಸಂಡೂರು
೨ ಜೂನ್ ೨೦೨೫

ಅಣ್ಣಾ,

ಕುರೆಕುಪ್ಪದವರು ಬೇಡವೆಂದು ತಿಳಿಸಿದರು. ಮಗುವಿನಿಂದ ಸಂಬಂಧ ತಪ್ಪಿತೆಂದು ಅತ್ತೆ ಓಣಿಗೆಲ್ಲ ಹೇಳಿದ್ದಾರೆ. ವೀರೇಶ ಮಾತ್ರ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ನನ್ನ ಹತ್ತಿರ ಬಂದು, ಸುಮಲತಾ ತನಗೆ ಫೋನ್ ಮಾಡಿದ್ದಳು ಎಂದ. "ಮನ್ಯಾಗಿದ್ದ ಮಗಳನ್ನ ಇಲ್ಲ ಅಂದೋರು, ನಾಳೆ ನನಗ ಏನಾರ ಆದ್ರ ನನ್ನೂ ಇಲ್ಲ ಅಂತಾರ" ಎಂದಳಂತೆ. ಅದನ್ನು ಅವನು ಅಮ್ಮನಿಗೂ ಹೇಳಿಲ್ಲ, ಅಣ್ಣನಿಗೂ ಹೇಳಿಲ್ಲ. ನನಗೆ ಹೇಳಿ ಹಗುರಾದ.

ಇವತ್ತು ಪಂಪಾಳನ್ನು ಶಾಲೆಗೆ ಸೇರಿಸಿದೆ. ಯಾರನ್ನೂ ಕೇಳಲಿಲ್ಲ. ಅತ್ತೆ ಹೊಸ್ತಿಲವರೆಗೆ ಬಂದು, "ಮೆಟ್ಲು ಐತಿ, ಹೇಳಿ ನಡಸು" ಎಂದರು, ಅಷ್ಟೇ. ಹೆಡ್ ಮೇಡಂ ಅವಳನ್ನು ನೋಡಿದ್ದೇ ತಡ, "ಪಾಪ" ಎಂದರು. ನಾನು ಕಾದೆ. ಪಂಪಾ ಕೈಮುಗಿದು, "ಪಾಪ ಅಲ್ರೀ. ಪಂಪಾ" ಎಂದಳು. ನೀನಿಟ್ಟ ಹೆಸರಿನ ಸೊನ್ನೆ ಅವಳ ಕೈಗೆ ಸಿಕ್ಕಿತು.

ಹೀಗಾದದ್ದು ನಿನ್ನೆಯ ಮಾತಿನಿಂದ. ಸಂಜೆ ರೊಟ್ಟಿ ಬಡಿಯುತ್ತಿದ್ದೆವು, ನನ್ನ ಕೈ ಕೆಳಗೆ, ಅವಳದು ಮೇಲೆ. "ಅವ್ವಾ, ಪಾಪ ಅಂದ್ರ ನಮಸ್ಕಾರ ಅಲ್ಲೇನು?" ಎಂದಳು. ಬೀಗರು ಬಂದ ದಿನ ಎಲ್ಲರೂ ಸುಮ್ಮನಾದದ್ದನ್ನು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು.

"ಅಲ್ಲ" ಎಂದೆ. "ಒಬ್ರಿಗೆ ಏನಾರ ಕಡಿಮಿ ಇದ್ರ, ಮಂದಿ ಏನೂ ಮಾಡದ ಸುಮ್ಮನ ನಿಂತು ಅನ್ನೋ ಮಾತು ಅದು."

ಸ್ವಲ್ಪ ಹೊತ್ತು ಬಡಿದಳು. "ನನಗೇನು ಕಡಿಮಿ ಐತಿ?"

"ನಿನಗ ಕಣ್ಣು ಕಾಣಂಗಿಲ್ಲ. ಅವರಿಗೆ ಕಾಣತೈತಿ."

"ಅದು ಗೊತ್ತು. ಅಷ್ಟ ಏನು?"

ಅಷ್ಟೇ ಎಂದೆ. ಇನ್ನೇನೋ ಕೇಳುತ್ತಾಳೆಂದು ನಾನು ಬಡಿಯುವುದನ್ನು ನಿಲ್ಲಿಸಿದೆ, ಅವಳ ಕೈಗೆ ಅದು ಗೊತ್ತಾಗಿರಬೇಕು. ಆದರೆ ಅವಳು ರೊಟ್ಟಿಯ ಅಂಚು ಸರಿಮಾಡಿದಳು.

ಅಷ್ಟರಲ್ಲಿ ಇವರು ಬಂದರು. ಎಂದಿನಂತೆ ಮಾತಿಲ್ಲ. ಚಪ್ಪಲಿ ಬಿಟ್ಟು ಮಂಚದ ಮೇಲೆ ಕುಳಿತರು. ಪಂಪಾ ಎದ್ದು, ಗೋಡೆ ಹಿಡಿದು, ಅದಿರಿನ ಧೂಳಿನ ವಾಸನೆಯ ಕಡೆಗೆ ನಡೆದಳು. ಮೊಣಕಾಲು ಸಿಕ್ಕಿತು, ಭುಜ ಸಿಕ್ಕಿತು, ಮುಖ ಸಿಕ್ಕಿತು. "ಅಪ್ಪಾ" ಎಂದಳು. ಇವರು ಉಸಿರು ಬಿಗಿಹಿಡಿದರು, ತಾವಿಲ್ಲವೆಂಬಂತೆ. ಆದರೆ ಮುಖ ಅವಳ ಎರಡೂ ಕೈಯಲ್ಲಿತ್ತು.

"ಅವ್ವಾ, ಅಪ್ಪಗ ಏನು ಕಡಿಮಿ ಐತಿ?" ಎಂದು ನನ್ನನ್ನು ಕೇಳಿದಳು.

ನಾನು ಹಂಚಿನ ಕಡೆ ನೋಡಿದೆ. ಪಡಸಾಲೆಯಲ್ಲಿದ್ದ ಅತ್ತೆ ನೆಲ ನೋಡಿದರು. ಅವಳು ಉತ್ತರಕ್ಕೆ ಕಾದು, ಹಿಟ್ಟಿನ ಕೈಯಿಂದ ಅವರ ಕೆನ್ನೆಯನ್ನು ಮೆಲ್ಲಗೆ ತಟ್ಟಿ, "ಪಾಪ" ಎಂದಳು.

ಈ ಸಲ 'ರೀ' ಹಚ್ಚಲಿಲ್ಲ.

ತ್ರಿವೇಣಿ